ಕೊಂಡಿಯ ಕೆಳಗೆ ಎರಡು ಬೆರಳು

ಇಳಕಲ್ಲಿನ ಸೋಮಲಿಂಗ ತನ್ನ ಐವತ್ತೆರಡು ವರ್ಷದ ಬಾಳಿನಲ್ಲಿ ಒಂದು ಸೀರೆಯನ್ನೂ ಮುಂದಿನ ಮುಖದಿಂದ ನೋಡಿದವನಲ್ಲ. ಸಗಟು ಸೀರೆ ಅಂಗಡಿಯಲ್ಲಿ ಅವನ ಕೆಲಸವೇ ಅಂಥದು. ನೇಕಾರರು ತಂದ ಸೀರೆಯನ್ನು ತಿರುವಿ ಹಾಕಬೇಕು, ಹಿಂಬದಿಯ ಮೇಲೆ ಬೆರಳಾಡಿಸಬೇಕು, ಒಂದು ಮಾತು ಹೇಳಬೇಕು. ಮನಸ್ಸಿಗೆ ಬಂದರೆ 'ಒಪ್ಪಿತು' ಅನ್ನುತ್ತಿದ್ದ. ಬರದಿದ್ದರೆ ಸುಮ್ಮನೆ ಮಡಚಿ ತಂದವರ ಕೈಗೆ ಕೊಡುತ್ತಿದ್ದ. ಬೈಯುವವನಲ್ಲ, ಕಾರಣ ಹೇಳುವವನಲ್ಲ, ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡವನಂತೂ ಅಲ್ಲವೇ ಅಲ್ಲ. 'ಮುಂದಿನ ಮಾರಿ ಅಂದ್ರ ಮದುವಿ ಮನಿ ಹಂದರ ಇದ್ದಂಗ, ಎಲ್ಲಾರೂ ಚಂದ ಕಟ್ಟತಾರ. ಹಿತ್ತಲಕ್ಕ ಹೋಗಿ ನೋಡ್ರಿ' ಎನ್ನುವುದು ಅವನ ಒಂದೇ ಒಂದು ಉಪದೇಶ. ಊರವರು ಅವನಿಗೆ 'ಒಪ್ಪಿತು ಸೋಮಣ್ಣ' ಎಂದೇ ಹೆಸರಿಟ್ಟಿದ್ದರು.

ಇಳಕಲ್ಲ ಸೀರೆಯ ಗುಟ್ಟು ಇರುವುದು ಕೊಂಡಿಯಲ್ಲಿ. ಒಡಲಿಗೆ ಹಾಸುವ ನೂಲು ಬೇರೆ, ಸೆರಗಿಗೆ ಹಾಸುವ ರೇಷ್ಮೆ ಬೇರೆ. ಮಗ್ಗದ ಮೇಲೆ ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಆ ಕೂಡುವ ಗೆರೆಯೇ ಕೊಂಡಿ. ಅದು ಕೈಯ ವಿದ್ಯೆ. ಹಾಗಾಗಿ ಕೊಂಡಿ ಸಾಚಾ ಇದ್ದರೆ ಸೀರೆಯೇ ಸಾಚಾ ಎಂಬುದು ಅವನ ಅಂಗಡಿಯ ರೂಢಿ. ಸೋಮಲಿಂಗ ಕಣ್ಣು ಮುಚ್ಚಿ ಕೊಂಡಿಯ ಮೇಲೆ ಹೆಬ್ಬೆರಳು ಎಳೆದರೆ ಸಾಕು, ತೀರ್ಪು ಬಂದ ಹಾಗೆಯೇ. ಹೆಂಡತಿ ಸುನಂದಾ ಬಂದವರ ಮುಂದೆಲ್ಲ ಚೇಷ್ಟೆ ಮಾಡುತ್ತಿದ್ದಳು: "ನನ್ನ ನೋಡಾಕ ಬಂದಾಗೂ ಇವರು ಮಾರಿ ನೋಡ್ಲಿಲ್ರಿ, ಬೆನ್ನ ನೋಡಿ ಒಪ್ಪಿತು ಅಂದ್ರು."

ಇಂಥವನು ಇಂಟರ್‌ನೆಟ್ಟಿನ ಸಹವಾಸಕ್ಕೆ ಬಿದ್ದದ್ದು ಆರು ವರ್ಷದ ಹಿಂದೆ. ಅಂಗಡಿಯ ಸೀರೆಗಳ ಫೋಟೋ ಕದ್ದು ಯಾರೋ ಒಂದು ಸುಳ್ಳು ವೆಬ್‌ಸೈಟ್ ತೆರೆದು, ಪವರ್‌ಲೂಮಿನ ಬಟ್ಟೆಯನ್ನು ಕೈಮಗ್ಗದ್ದೆಂದು ಮಾರತೊಡಗಿದರು. ಮಾಲಕರು ಸೋಮಲಿಂಗನನ್ನು ಬಾಗಲಕೋಟೆಯಲ್ಲಿ ನಡೆದ ಎರಡು ದಿನದ ಶಿಬಿರಕ್ಕೆ ಕಳಿಸಿದರು. ಅಲ್ಲಿ ಪಾಠ ಹೇಳಿದವಳು ಬನಶಂಕರಿ ಎಂಬ ಕಂಪ್ಯೂಟರ್ ಶಿಕ್ಷಕಿ. ವೆಬ್‌ಸೈಟನ್ನೂ ಹಿಂದಿನಿಂದ ನೋಡಬಹುದು ಎಂದು ಅವಳು ಅಂದಾಗ ಸೋಮಲಿಂಗ ನೆಟ್ಟಗೆ ಕೂತ. ಪ್ರತಿಯೊಂದು ವೆಬ್ ವಿಳಾಸವೂ ಯಾವತ್ತೋ ಒಂದು ದಿನ ಯಾರೋ ಕೊಂಡದ್ದು. ಆ ತಾರೀಖು ದಾಖಲೆಯಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಅವನು ತನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದುಕೊಂಡ. ವಿಳಾಸ ಹುಟ್ಟಿದ್ದು ಯಾವಾಗ. ಅದು ಯಾವ ಸರ್ವರ್ ಯಂತ್ರದಲ್ಲಿ ವಾಸ. ಅದೇ ಯಂತ್ರದಲ್ಲಿ ಜೊತೆಗೆ ಯಾರಿದ್ದಾರೆ. ಈ ಮೊದಲು ಅಲ್ಲಿ ಏನಿತ್ತು.

"ಮತ್ತ ವಿಳಾಸದ ಬಾಜೂಕ ಬೀಗದ ಚಿತ್ರ ಇರತೈತಲ್ರಿ, ಅದು?" ಎಂದು ಕೇಳಿದ.

"ಅದು ಪುಕ್ಕಟೆ ಸಿಗತೈತ್ರಿ ಸರ್. ಕಳ್ಳನೂ ತನ್ನ ಮನಿಗೆ ಬೀಗ ಹಾಕ್ಕೋತಾನ," ಎಂದಳು ಬನಶಂಕರಿ.

"ಹಂಗಾದ್ರ ಇದೂ ಕೊಂಡಿ ನೋಡೂದನ ಆತಲ್ರಿ!" ಎಂದು ಸೋಮಲಿಂಗ ಅಂದಾಗ ಶಿಬಿರಕ್ಕೆ ಶಿಬಿರವೇ ನಕ್ಕಿತು. ಅವನು ನಗಲಿಲ್ಲ. ಅವನಿಗೆ ಅದು ತಮಾಷೆಯಾಗಿ ಕಂಡಿರಲಿಲ್ಲ.

ಅಂದಿನಿಂದ ಸೀರೆಯ ಜೊತೆಗೆ ಜನ ಅವನ ಹತ್ತಿರ ವೆಬ್ ವಿಳಾಸಗಳನ್ನೂ ತರತೊಡಗಿದರು. ಮೂರು ತಿಂಗಳಿಗೆ ಇಮ್ಮಡಿ, ವಾರಕ್ಕೆ ಇಷ್ಟು ಬಡ್ಡಿ, ಬಂಗಾರ, ಶೇರು, ಡಾಲರು, ಏನೇನೋ. ಸೋಮಲಿಂಗ ಅವರು ಏನು ಕೊಡುತ್ತೇವೆ ಅಂದಿದ್ದಾರೆ ಎಂಬುದನ್ನು ಓದುತ್ತಲೇ ಇರಲಿಲ್ಲ. ಮುಂದಿನ ಮುಖ ಅವನಿಗೆ ಬೇಡ. ನೆಟ್ಟಗೆ ಹುಟ್ಟಿದ ತಾರೀಖಿಗೆ ಕೈ ಹಾಕುತ್ತಿದ್ದ. 'ಇಪ್ಪತ್ತು ವರ್ಷದ ನಂಬಿಕೆ' ಎಂದು ಬರೆದುಕೊಂಡ ಕಂಪನಿಯ ವಿಳಾಸ ಹುಟ್ಟಿ ಹನ್ನೊಂದು ದಿನ ಆಗಿರುತ್ತಿತ್ತು. ಇನ್ನೊಂದು ಕಂಪನಿ ಇದ್ದ ಯಂತ್ರದಲ್ಲಿ ಅದೇ ಮುಖದ, ಬೇರೆ ಬೇರೆ ಹೆಸರಿನ ಅರವತ್ತು ಕಂಪನಿಗಳಿದ್ದವು, ಒಬ್ಬ ವೇಷಗಾರ ಅರವತ್ತು ಮನೆಯಲ್ಲಿ ಕುಣಿದಂತೆ. ಅವನು ಫೋನನ್ನು ಸುಮ್ಮನೆ ಹಿಂದಕ್ಕೆ ಕೊಡುತ್ತಿದ್ದ, ಜನ ಸುಮ್ಮನೆ ಎದ್ದು ಹೋಗುತ್ತಿದ್ದರು. ಹೀಗೆ ಎಷ್ಟೋ ಮನೆ ಉಳಿದವು. ಮೊದಲ ಮೂರು ಸಾಲಿನಲ್ಲಿಯೇ ಕಳ್ಳ ಸಿಕ್ಕಿಬೀಳುತ್ತಿದ್ದುದರಿಂದ ನಾಲ್ಕನೆಯ ಸಾಲಿನ ಜರೂರೇ ಬಿದ್ದಿರಲಿಲ್ಲ.

ಐದು ವಾರದ ಹಿಂದೆ ಪಕ್ಕದ ಮನೆಯ ನೇಕಾರ ಚಂದಪ್ಪ ಒಂದು ವಿಳಾಸ ತಂದ. ಕಂಪನಿಯ ಹೆಸರು 'ಹೊನ್ನಗೂಡು'. "ಸೋಮಣ್ಣ, ಇದನ್ನೊಂದ ತಿರುವಿ ನೋಡು. ನೀ ಹೂಂ ಅಂದ್ರ ಹಾಕ್ತೇನಿ, ಇಲ್ಲಂದ್ರ ಇಲ್ಲ."

ಸೋಮಲಿಂಗ ನೋಡಿದ. ವಿಳಾಸ ಹುಟ್ಟಿ ಹನ್ನೆರಡು ವರ್ಷ. ತನ್ನದೇ ಯಂತ್ರದಲ್ಲಿ ಒಂಟಿ ವಾಸ. ಆರು ವರ್ಷದಲ್ಲಿ ಇಂಥ ಹಳೆಯ ಕೊಂಡಿ ಅವನ ಬೆರಳಿಗೆ ಸಿಕ್ಕಿರಲಿಲ್ಲ. ಅವನಿಗೆ ಒಳಗೊಳಗೇ ಖುಷಿಯೂ ಆಯಿತು; ದಿನಾ ಬೇಡ ಬೇಡ ಅನ್ನುವವನಿಗೆ ಒಂದು ದಿನ ಹೂಂ ಅನ್ನುವ ಆಸೆ ಇರುತ್ತದೆ. ಚಂದಪ್ಪನ ಫೋನಿನಲ್ಲಿಯೇ ಧ್ವನಿ ಮೆಸೇಜು ಹೇಳಿದ: "ಹನ್ನೆರಡ ವರ್ಷದ ವಿಳಾಸ ಐತಿ. ಕೊಂಡಿ ಸಾಚಾ. ಒಪ್ಪಿತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮೆಸೇಜು ಚಂದಪ್ಪನ ಓಣಿ ದಾಟಿತು, ಇಳಕಲ್ಲ ದಾಟಿತು, ಹುನಗುಂದದಲ್ಲಿದ್ದ ಸೋಮಲಿಂಗನ ತಂಗಿ ಯಮನವ್ವನ ಫೋನಿಗೂ ಹೋಗಿ ಕೂತಿತು.

ಯಮನವ್ವನಿಗೆ ಈಗ ನಲವತ್ತಾರು. ಗಂಡ ತೀರಿಕೊಂಡು ಹದಿನೇಳು ವರ್ಷವಾಯಿತು. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ಬದುಕು ಸಾಗಿಸಿದವಳು. ಮಕ್ಕಳಿಲ್ಲ. ಮದುವೆಯಾಗಿ ಬಂದಾಗಿನಿಂದ ಬಾಡಿಗೆಗಿದ್ದ ಎರಡು ಖೋಲಿಯ ಮನೆಯನ್ನು ಮಾಲಕ ಮಾರುವುದಾಗಿ ಹೇಳಿದ್ದ. ದೀಪಾವಳಿಯೊಳಗೆ ಏಳು ಲಕ್ಷ ಕೊಟ್ಟರೆ ಅವಳಿಗೇ, ಇಲ್ಲದಿದ್ದರೆ ಖಾಲಿ ಮಾಡಬೇಕು. ಗಂಡ ಬಿಟ್ಟುಹೋದ ಜಾಗ ಮಾರಿ ನಾಲ್ಕೂವರೆ ಲಕ್ಷ ಬ್ಯಾಂಕಿನಲ್ಲಿಟ್ಟಿದ್ದಳು. ಉಳಿದದ್ದು ಎಲ್ಲಿಂದ ತರುವುದು ಎಂದು ಕೊರಗುತ್ತಿದ್ದವಳಿಗೆ ಅಣ್ಣನ 'ಒಪ್ಪಿತು' ಕೇಳಿಸಿತು. ಮೊದಲು ಐದು ಸಾವಿರ ಹಾಕಿದಳು. ಫೋನಿನಲ್ಲಿ ಅದು ದಿನದಿನಕ್ಕೆ ಬೆಳೆದು ಆರು ಸಾವಿರ ದಾಟಿತು. ಬರುವ ಸೋಮವಾರ ಬ್ಯಾಂಕಿಗೆ ಹೋಗಿ ನಾಲ್ಕೂವರೆ ಲಕ್ಷವನ್ನೂ ಕಳಿಸುವುದೆಂದು ಗಟ್ಟಿ ಮಾಡಿಕೊಂಡಳು.

ಅದರ ಹಿಂದಿನ ದಿನ ಭಾನುವಾರ. ಬೆಳಿಗ್ಗೆ ಸುನಂದಾ ತಾನೂ ಒಂದಿಷ್ಟು ಹಾಕಬೇಕೆಂದು ಹಟ ಹಿಡಿದಳು. ಸೋಮಲಿಂಗ ಹಳೆಯ ಲ್ಯಾಪ್‌ಟಾಪು ತೆಗೆದು ಹೊನ್ನಗೂಡಿನ ಪುಟ ತೋರಿಸಿದ. ಸುನಂದಾ ಯಾವತ್ತೂ ಮುಂದಿನ ಮುಖ ನೋಡುವವಳೇ. ಪುಟದ ನೆತ್ತಿಯ ಮೇಲೆ, ಹೆಸರಿನ ಪಕ್ಕಕ್ಕೆ, ಕಡಲೆಕಾಳಿನಷ್ಟು ದೊಡ್ಡದೊಂದು ಚಿತ್ರವಿತ್ತು. ಅದಕ್ಕೆ ಮೂಗು ತಾಗಿಸಿ ಕೇಳಿದಳು: "ಅಲ್ರಿ, ಬಂಗಾರದ ಕಂಪನಿಗೆ ನೀರೆತ್ತೂ ಪಂಪಿನ ಚಿತ್ರ ಯಾಕ?"

ಸೋಮಲಿಂಗ ನೋಡಿದ. ಖರೆ, ಪಂಪು. ನೀಲಿ ಬಣ್ಣದ, ಬೋರ್‌ವೆಲ್ಲಿಗೆ ಇಳಿಸುವ ಪಂಪು.

ಎದ್ದು ಹೋಗಿ ನೋಟ್‌ಬುಕ್ಕು ಹುಡುಕಿದ. ನಾಲ್ಕನೆಯ ಸಾಲು: ಈ ಮೊದಲು ಅಲ್ಲಿ ಏನಿತ್ತು. ಹಳೆಯ ವೆಬ್ ಪುಟಗಳನ್ನು ಹಾಗೆಯೇ ತೆಗೆದಿಡುವ ಒಂದು ತಾಣವನ್ನು ಬನಶಂಕರಿ ತೋರಿಸಿದ್ದಳು. ಅಲ್ಲಿ ಹೊನ್ನಗೂಡಿನ ವಿಳಾಸ ಹಾಕಿದ. ಒಂದೊಂದೇ ವರ್ಷ ತೆರೆದುಕೊಂಡಿತು. ಹನ್ನೆರಡು ವರ್ಷದ ಹಿಂದೆ ಅದು ಯಾವುದೋ ದೂರದ ರಾಜ್ಯದ ಪಂಪು ರಿಪೇರಿ ಅಂಗಡಿ. ಬಿಳಿ ಮೀಸೆಯ ಮುದುಕನೊಬ್ಬ ಪಂಪು ಹಿಡಿದು ನಗುತ್ತಿದ್ದ. ಎಂಟು ವರ್ಷ ಆ ಮುದುಕ ಹಾಗೆಯೇ ನಗುತ್ತ ನಿಂತಿದ್ದ. ಆಮೇಲೆ ಪುಟಗಳು ಖಾಲಿ. ಬಹುಶಃ ಅಂಗಡಿ ಮುಚ್ಚಿತ್ತು, ವಿಳಾಸದ ವರ್ಷದ ಹಣ ಮಾತ್ರ ಯಾರೋ ಕಟ್ಟುತ್ತ ಬಂದಿದ್ದರು. ಆ ವಿಳಾಸವನ್ನು ಹಳೆಯ ಪುಟಗಳ ಸಮೇತ ಮೋಸಗಾರರು ಕೊಂಡು, ಅದರ ಮೇಲೆ ಹೊನ್ನಗೂಡು ಎಂದು ಬರೆದುಕೊಂಡಿದ್ದರು. ಮುದುಕನ ಚಿತ್ರ ತೆಗೆದಿದ್ದರು, ನೆತ್ತಿಯ ಮೇಲಿನ ಆ ಕಾಳಿನಷ್ಟು ಪಂಪು ಮರೆತಿದ್ದರು. ಕೊಂಡದ್ದು ಸರಿಯಾಗಿ ಆರು ವಾರದ ಹಿಂದೆ. ಹುಟ್ಟಿದ ತಾರೀಖಿನ ಕೆಳಗಡೆಯೇ 'ಬದಲಾದದ್ದು' ಎಂಬ ಇನ್ನೊಂದು ತಾರೀಖು ಇತ್ತು. ಚಂದಪ್ಪ ಬಂದ ದಿನ ಸೋಮಲಿಂಗ ಅದನ್ನು ಕಂಡಿದ್ದ, ಓದಿರಲಿಲ್ಲ. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಅಂದರೆ ಇದೇ.

ಬನಶಂಕರಿಗೆ ಫೋನ್ ಮಾಡಿದ. ಅವಳು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟಳು. "ಹಳೇ ವಿಳಾಸ ಕೊಂಡು ಮೋಸ ಮಾಡೂದು ಈಗ ಭಾಳ ಆಗೈತ್ರಿ ಸರ್. ನಿಮ್ಮಂಥವರು ತಾರೀಖು ನೋಡ್ತಾರಂತ ಅವರಿಗೂ ಗೊತ್ತೈತಿ. ಆದ್ರ ಒಂದ ಕೇಳ್ಲಿ? ದಿನಕ್ಕ ನೂರಕ್ಕ ಒಂದೂವರಿ ಕೊಡ್ತೇವಿ ಅಂತ ಅಷ್ಟ ದಪ್ಪ ಅಕ್ಷರದಾಗ ಬರದಾರಲ್ರಿ ಮುಂದ. ಅದನ್ನ ನೀವು ಓದ್ಲಿಲ್ಲೇನ್ರಿ?"

ಯಾವ ಮಗ್ಗವೂ ಅಷ್ಟು ಲಾಭ ನೇಯುವುದಿಲ್ಲ ಎಂದು ಚಿಕ್ಕ ಹುಡುಗನಿಗೂ ಹೊಳೆಯುತ್ತಿತ್ತು. ಸೋಮಲಿಂಗ ಮಾತ್ರ ಮುಖ ನೋಡುವವನಲ್ಲ.

"ಮೊದಲ ಸೈಬರ್ ಪೊಲೀಸರ ನಂಬರು, ಹತ್ತೊಂಬತ್ತನೂರಾ ಮೂವತ್ತಕ್ಕ ಫೋನ್ ಹಚ್ಚಿ ಹೇಳ್ರಿ. ರೊಕ್ಕ ಹಾಕದೇ ಇರೋರನ್ನ ತಡೀರಿ. ತಡಾ ಮಾಡಬ್ಯಾಡ್ರಿ," ಎಂದಳು ಬನಶಂಕರಿ.

ಅವನು ಆ ಮಾತು ಕೇಳಿದ್ದರೆ ಚೆನ್ನಾಗಿತ್ತು. ಕೇಳಲಿಲ್ಲ. ದೊಡ್ಡ ಪತ್ತೇದಾರನ ಹಾಗೆ, ಚಂದಪ್ಪ ತನ್ನನ್ನೂ ಸೇರಿಸಿದ್ದ ಹೊನ್ನಗೂಡಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ: 'ಈ ವಿಳಾಸದ ಮಾಲಕರು ಯಾವಾಗ ಬದಲಾದರು?' ಒಂದು ನಿಮಿಷವೂ ಆಗಿರಲಿಲ್ಲ, ಅವನನ್ನು ಗುಂಪಿನಿಂದ ತೆಗೆದು ಹಾಕಿದರು. ಮರುಕ್ಷಣ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು.

"ನಮಸ್ಕಾರ ಸೋಮಲಿಂಗ ಅವರೇ," ಎಂದಿತು ಒಂದು ಗಂಡಸಿನ ಧ್ವನಿ. ಪಠ್ಯಪುಸ್ತಕ ಓದಿದಂಥ ನಯವಾದ ಕನ್ನಡ, ಈ ಕಡೆಯದಲ್ಲ. "ಊಟ ಆಯಿತಾ? ನಿಮ್ಮ ತಂಗಿ ಯಮನವ್ವ ಅವರು ನಾಳೆ ದುಡ್ಡು ಹಾಕುತ್ತಿದ್ದಾರೆ. ಪಾಪ, ಮನೆ ಕೊಳ್ಳಬೇಕಂತೆ. ಅವರ ಮನಸ್ಸು ಕೆಡಿಸಬೇಡಿ."

ಸೋಮಲಿಂಗ ಆ ನಂಬರನ್ನು ಮತ್ತೊಮ್ಮೆ ನೋಡಿದ. "ನೀವ್ ಯಾರ್ರಿ?"

"ನಿಮ್ಮ ಅಭಿಮಾನಿ. 'ಕೊಂಡಿ ಸಾಚಾ, ಒಪ್ಪಿತು.' ಎಷ್ಟು ಚೆನ್ನಾಗಿ ಹೇಳಿದ್ದೀರಿ! ಬಂದವರಿಗೆಲ್ಲ ನಾವು ಅದನ್ನೇ ಕೇಳಿಸುತ್ತೇವೆ. ನಿಮ್ಮ ಮಾತಿನ ಮೇಲೆ ನಲವತ್ತು ಜನ ಸೇರಿದ್ದಾರೆ. ನಮ್ಮ ಮುಖ ಯಾರೂ ನೋಡಿಲ್ಲ. ನಿಮ್ಮ ಧ್ವನಿ ಎಲ್ಲರೂ ಕೇಳಿದ್ದಾರೆ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಪೊಲೀಸರು ಮೊದಲು ಯಾರ ಮನೆಗೆ ಬರುತ್ತಾರೆ, ಯೋಚಿಸಿ."

ಫೋನು ನಿಂತಿತು. ಆ ಧ್ವನಿ ಬೈದಿದ್ದರೆ ಸೋಮಲಿಂಗ ಇಷ್ಟು ಹೆದರುತ್ತಿರಲಿಲ್ಲವೇನೋ. ಊಟದ ಬಗ್ಗೆ ಕೇಳಿದ್ದು ಅವನನ್ನು ಹೆದರಿಸಿತು. ಎದ್ದು ತಲೆಬಾಗಿಲಿಗೆ ಅಗಳಿ ಹಾಕಿದ. ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿಲು ಹಾಕಿದ್ದನ್ನು ಕಂಡು ಸುನಂದಾ ಗಾಬರಿಯಾದಳು. ಹೊರಗೆ ಚಂದಪ್ಪನ ಮಗ್ಗದ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನಿಂತಾಗಲೆಲ್ಲ ಅವನು ಇತ್ತ ಬರುತ್ತಿದ್ದಾನೇನೋ ಎಂದು ಸೋಮಲಿಂಗ ಅಗಳಿಯ ಕಡೆ ನೋಡುತ್ತಿದ್ದ. ನಲವತ್ತು ಮನೆ. ಒಂದೊಂದು ಮನೆಯ ಬಾಗಿಲೂ ಕಣ್ಣ ಮುಂದೆ ಬಂತು.

ಸಂಜೆಗೆ ಧೈರ್ಯ ತಂದುಕೊಂಡು ತಂಗಿಗೆ ಫೋನ್ ಹಚ್ಚಿದ. "ಯಮನವ್ವಾ, ನಾಳೆ ರೊಕ್ಕ ಕಳಸಬ್ಯಾಡ. ಅದು ಮೋಸದ ಕಂಪನಿ."

ಅತ್ತ ಕಡೆ ನಗು. "ಅವರ ಫೋನ್ ಬಂದಿತ್ತಣ್ಣ ಈಗ. ನಿಮ್ಮಣ್ಣಗ ಯಾರೋ ಕಿವಿ ಊದ್ಯಾರ, ಆಗಲಾರದವರು ಹೆದರಿಸ್ಯಾರ ಅಂದ್ರು. ನೀ ಹೆದರಬ್ಯಾಡ."

"ಹೇಳೂದ ಕೇಳು. ನಾ ತಪ್ಪ ನೋಡೇನಿ."

"ನೀ ತಪ್ಪ ನೋಡ್ತೀಯೇನು? ಆಡಿದ ಮಾತ ಹಿಂದಕ್ಕ ತಗೊಂಡಿದ್ದು ಹುಟ್ಟಿದಾಗಿಂದ ನೋಡಿಲ್ಲ ನಾ. ಎರಡ ತಿಂಗಳು ಅಣ್ಣಾ, ಆಮ್ಯಾಲ ನನ್ನ ಮನಿ ನನ್ನದು. ಹೊಸ ಹೊಚ್ಚಲ ದಾಟಾಕ ನೀನ ಮೊದಲ ಬರಬೇಕು." ಫೋನು ಇಟ್ಟಳು.

ಇಷ್ಟು ವರ್ಷ ಜತನ ಮಾಡಿದ ಹೆಸರು ಈಗ ಅವನ ಕೊರಳಿಗೇ ಸುತ್ತಿತ್ತು. ಅದನ್ನು ಬಿಚ್ಚುವ ಒಂದು ದಾರಿ ಅವನಿಗೆ ಗೊತ್ತಿತ್ತು. ಆ ದಾರಿಯನ್ನು ನೆನೆದೇ ಅವನು ಬೆವತದ್ದು. ಪೊಲೀಸರಿಗೂ ಅಷ್ಟು ಹೆದರಿರಲಿಲ್ಲ.

ಬೆಳಿಗ್ಗೆ ಸುನಂದಾ ಚಹಾ ಕೊಡಲಿಲ್ಲ. ಅಟ್ಟದ ಮೇಲಿನ ಟ್ರಂಕು ಇಳಿಸಿ ಅವನ ಮುಂದಿಟ್ಟಳು. ಅದರಲ್ಲಿ ಏನಿದೆ ಎಂಬುದು ಗಂಡಹೆಂಡಿರಿಬ್ಬರಿಗೇ ಗೊತ್ತು.

"ಇದನ್ನ ತಗೊಂಡ ಹೋಗ್ರಿ," ಎಂದಳು.

"ಬ್ಯಾಡ ಸುನಂದಾ. ಅಕಿ ನನ್ನ ಮಾರಿ ನೋಡೂದಿಲ್ಲ ಆಮ್ಯಾಲ."

"ನೋಡದಿದ್ರ ಬಿಡ್ಲಿ. ಮನಿ ಉಳೀತೈತಲ್ಲ. ಎಷ್ಟ ದಿನಾ ಅಟ್ಟದ ಮ್ಯಾಲ ಇಟಗೊಂಡ ಕುಂಡರ್ತೀರಿ?"

ಸೋಮಲಿಂಗ ಟ್ರಂಕು ತೆರೆದ. ಹಳೆಯ ಪಂಚೆಯಲ್ಲಿ ಸುತ್ತಿದ ಗಂಟನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ ಕೂತೇ ಹತ್ತೊಂಬತ್ತನೂರಾ ಮೂವತ್ತಕ್ಕೆ ಫೋನ್ ಮಾಡಿದ. ತನ್ನ ಹೆಸರು, ಊರು, ಓಣಿ ಎಲ್ಲ ಹೇಳಿದ. ಪಕ್ಕದಲ್ಲಿ ಕೂತ ಹೆಂಗಸು ಅವನ ಕಡೆ ಎರಡು ಸಲ ತಿರುಗಿ ನೋಡಿದಳು. ಆಮೇಲೆ ಚಂದಪ್ಪನಿಗೂ ಹೇಳಿದ. ಚಂದಪ್ಪ ಬೈಯಲಿಲ್ಲ, "ಹೌದೇನು" ಎಂದಷ್ಟೇ ಅಂದ. ತುಸು ಹೊತ್ತಿಗೆ ತಿರುಗಿ ಅವನದೇ ಫೋನು: "ರೊಕ್ಕ ತೆಗೀತೇನಿ ಅಂದ್ರ ಮೊದಲ ಟ್ಯಾಕ್ಸ್ ಕಟ್ಟು ಅನ್ನಾಕತ್ತೈತಿ ಸೋಮಣ್ಣ. ಏನ ಮಾಡ್ಲಿ?" ಕಟ್ಟಬೇಡ ಎಂದ ಸೋಮಲಿಂಗ.

ಹುನಗುಂದದಲ್ಲಿ ಇಳಿದಾಗ ಹತ್ತಕ್ಕೆ ಹತ್ತು ನಿಮಿಷವಿತ್ತು. ಯಮನವ್ವ ತಲೆಬಾಚಿ, ಪಾಸ್‌ಬುಕ್ಕು ಚೀಲದಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು. ಅಣ್ಣನನ್ನು ಕಂಡು ಮುಖ ಅರಳಿತು. "ಬಾ ಅಣ್ಣಾ, ಛಲೋ ಆತು. ನೀನೂ ಬ್ಯಾಂಕಿಗೆ ಬಾ."

"ಒಳಗ ನಡಿ," ಎಂದ ಸೋಮಲಿಂಗ.

ಪಂಪಿನ ಕಥೆ ಹೇಳಿದ. ಮುದುಕನ ಕಥೆ ಹೇಳಿದ. ಅವಳು ಕೇಳಿದಳು, ತಲೆಯಾಡಿಸಿದಳು, ಗೋಡೆಯ ಗಡಿಯಾರ ನೋಡಿದಳು. "ಅಣ್ಣಾ, ನೀ ಭಾಳ ದಣದೀ. ಯಾರೋ ನಿನ್ನ ಹೆದರಿಸ್ಯಾರ. ಫೋನಿನ್ಯಾಗ ನನ್ನ ರೊಕ್ಕ ಬೆಳದಿದ್ದ ನಾ ಕಣ್ಣಾರೆ ನೋಡೇನಿ. ನಿನ್ನ ಕಣ್ಣ ತಪ್ಪೂದಿಲ್ಲ. ಜಗತ್ತ ತಪ್ಪಬಹುದು."

ಸೋಮಲಿಂಗ ಚೀಲಕ್ಕೆ ಕೈ ಹಾಕಿದ. ಕೈ ಬರಲೊಲ್ಲದು. ಅಲ್ಲೇ ಕೂತು ಗಂಟು ಬಿಚ್ಚಿದ. ಒಳಗಿದ್ದದ್ದು ಒಂದು ಕೆಂಪು ಸೆರಗು ಮತ್ತು ಬೇರೆಯಾಗಿ ಮಡಚಿದ ಹಸಿರು ಒಡಲು.

ಯಮನವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಇಪ್ಪತ್ತಾರು ವರ್ಷದ ಮೇಲೆ ನೋಡಿದರೂ ಅವಳಿಗೆ ಗುರುತು ಹತ್ತಿತು. ಅವಳ ಮದುವೆಯ ಸೀರೆ. ಗಂಡನ ಮನೆಯ ಹೊಸ್ತಿಲು ದಾಟಿ ಅತ್ತೆಯ ಕಾಲಿಗೆ ಬಗ್ಗಿದಾಗ, ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ, ಅದರ ಸೆರಗು ಪರ್ರೆಂದು ಕಳಚಿ ನೆಲಕ್ಕೆ ಬಿದ್ದಿತ್ತು. "ಸೆರಗ ನಿಲ್ಲದಾಕಿ," ಎಂದಿದ್ದಳು ಅತ್ತೆ. ಆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಬಸಿರು ನಿಲ್ಲಲಿಲ್ಲ, ಅದಕ್ಕೂ ಅದೇ ಮಾತು. ಗಂಡ ಜಡ್ಡಿಗೆ ಬಿದ್ದು ತೀರಿಕೊಂಡ, ಅದಕ್ಕೂ ಅದೇ ಮಾತು. ಓಣಿಯ ಆರತಿಗೆ, ಸೀಮಂತಕ್ಕೆ, ತೊಟ್ಟಿಲಿಗೆ ಯಾರೂ ಅವಳನ್ನು ಕರೆಯಲಿಲ್ಲ. ಕರೆಯದೇ ಇರುವುದು ಸರಿಯೇ ಎಂದು ಅವಳೂ ನಂಬಿಬಿಟ್ಟಿದ್ದಳು.

"ಇದನ್ನ ಸುಟ್ಟೇನಿ ಅಂದಿದ್ದಿ," ಎಂದಳು ಸಣ್ಣ ದನಿಯಲ್ಲಿ.

"ಸುಳ್ಳ ಹೇಳಿದ್ದೆ." ಅವನು ಸೆರಗನ್ನು ತಿರುವಿ ಅವಳ ಮುಂದೆ ಹಾಸಿದ. "ಇಲ್ಲೆ ಕೊಂಡಿ ನೋಡು. ಸಾಚಾ ಕೊಂಡಿ. ಇದರ ಕೆಳಗ ಎರಡ ಬೆರಳು ಬಿಟ್ಟು ನೋಡು. ಏನ ಕಾಣ್ತೈತಿ?"

ಅವಳು ಬಗ್ಗಿ ನೋಡಿದಳು. ಸಣ್ಣ ಸಣ್ಣ ಸೂಜಿಯ ತೂತುಗಳು, ಈ ಅಂಚಿನಿಂದ ಆ ಅಂಚಿನವರೆಗೆ ಸಾಲಾಗಿ.

"ಯಾವದೋ ಹಳೇ ಸೀರಿ ಹರದೈತಿ. ಅದರ ಸೆರಗನ್ನ ಕೊಂಡಿ ಸಮೇತ, ಎರಡ ಬೆರಳ ಒಡಲ ಬಿಟ್ಟು ಕತ್ತರಿಸ್ಯಾರ. ಅದಕ್ಕ ಪವರ್‌ಲೂಮಿನ ಹೊಸ ಒಡಲ ಹಚ್ಚಿ ಹೊಲದಾರ. ಮ್ಯಾಲೆ ಗಂಜಿ ಹಾಕಿ ಮುಚ್ಯಾರ. ಅಂಗಡಿಗೆ ಬಂದಾಗ ನೋಡಿದಾಂವ ನಾನ. ಕೊಂಡಿ ಮುಟ್ಟಿದೆ, ಸಾಚಾ ಇತ್ತು, ಅಲ್ಲಿಗೆ ನಿಲ್ಲಿಸಿದೆ. ತಂಗಿ ಮದುವಿಗೆ ಇದ ಇರ್ಲಿ ಅಂತ ನಾನ ಆರಿಸಿ ತಂದೆ."

ಯಮನವ್ವ ಹಸಿರು ಒಡಲಿನ ಅಂಚು ಎತ್ತಿ ನೋಡಿದಳು.

"ಈಗೂ ಹಂಗ ಮಾಡೇನಿ. ವಿಳಾಸ ಹಳೇದು, ಅದು ಖರೆ. ಅದರ ಕೆಳಗ ಎರಡ ಬೆರಳು ನೋಡ್ಲಿಲ್ಲ. ನಾ ಎರಡ ಸಲ ತಪ್ಪಿದಾಂವ ಯಮನವ್ವಾ. ಎರಡೂ ಸಲ ನಿನಗ ತಪ್ಪಿದಾಂವ. ನನ್ನ ನಂಬಬ್ಯಾಡ. ಬ್ಯಾಂಕಿಗೆ ಹೋಗಬ್ಯಾಡ."

ಅವಳು ಸೂಜಿಯ ತೂತುಗಳ ಮೇಲೆ ಬೆರಳು ಇಟ್ಟು ಒಂದೊಂದನ್ನೇ ಮುಟ್ಟುತ್ತ ಹೋದಳು. ಕೊನೆಯ ಅಂಚು ಮುಟ್ಟಿದ ಮೇಲೆ ಕೇಳಿದಳು: "ಇದು ನಿನಗ ಯಾವಾಗ ಗೊತ್ತಾತು?"

ಈ ಪ್ರಶ್ನೆಗೇ ಅವನು ಹೆದರಿದ್ದು.

"ಮದುವಿ ಮುಗದ ಎಂಟನೇ ದಿನಕ್ಕ."

"ಎಂಟನೇ ದಿನಕ್ಕ," ಎಂದಳು ಅವಳು. "ಅತ್ತಿ ಸಾಯೂ ಮುಂದ ನನ್ನ ಕೈಯಾನ ನೀರ ಕುಡೀಲಿಲ್ಲ. ಬ್ಯಾಡ, ಅಕಿ ಕೈ ಒಳ್ಳೇದಲ್ಲ ಅಂದ್ಲು. ಆಗ ನೀ ಹೊರಸಿನ ಬಾಜೂಕ ಕುಂತಿದ್ದಿ ಅಣ್ಣಾ."

"ಕುಂತಿದ್ದೆ."

"ಬಾಯಿ ತಗೀಲಿಲ್ಲ."

"ಹೊಸದಾಗಿ ನೌಕರಿ ಹತ್ತಿತ್ತು. ಹೆಸರ ಹೋಗ್ತೈತಂತ ಹೆದರಿದೆ. ಆಮ್ಯಾಲ ದಿನಾ ಹೋದಂಗ ಹೇಳೂದು ಕಠಿಣ ಆತು."

ಅವನು ಅಳುತ್ತಿದ್ದ. ಅವಳು ಅಳಲಿಲ್ಲ. ಚೀಲದಿಂದ ಪಾಸ್‌ಬುಕ್ಕು ತೆಗೆದು ಗೂಡಿನಲ್ಲಿ ಇಟ್ಟಳು. ರೊಕ್ಕ ಉಳಿಯಿತು ಎಂದು ಸೋಮಲಿಂಗನಿಗೆ ಗೊತ್ತಾಯಿತು. ಮನೆಯೂ ಉಳಿಯುತ್ತದೋ ಇಲ್ಲವೋ, ದೀಪಾವಳಿಗೆ ಇನ್ನೂ ಸಮಯವಿತ್ತು; ತನ್ನ ಪಾಲಿನದೆಲ್ಲ ಮಾರಿಯಾದರೂ ಕೂಡಿಸಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡ. ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಅವಳು ನೀರು ಬೇಕೇ ಎಂದು ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಈ ಮನೆಯಿಂದ ಅವನು ಬರಿಬಾಯಿಯಲ್ಲಿ ಎದ್ದದ್ದಿಲ್ಲ. ಇಂದು ಎದ್ದ. ಸೆರಗು ಮಡಚಲು ಕೈ ಚಾಚಿದ.

"ಅದನ್ನ ಮುಟ್ಟಬ್ಯಾಡ," ಎಂದಳು ಯಮನವ್ವ.

ತಾನೇ ಅದನ್ನು ಎತ್ತಿಕೊಂಡಳು. ಸೆರಗನ್ನು ಒಂದು ತೋಳಿನ ಮೇಲೆ, ಒಡಲನ್ನು ಇನ್ನೊಂದು ತೋಳಿನ ಮೇಲೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. "ಅತ್ತಿ ಹೋದ್ಲು. ಅವತ್ತ ನೋಡಿದವರು ಓಣ್ಯಾಗ ಇನ್ನೂ ನಾಕ ಮಂದಿ ಅದಾರ. ನಡಿ."

"ಎಲ್ಲಿಗೆ?"

"ಅವರ ಮನಿಗೆ. ನಾ ತೋರಸ್ತೇನಿ. ನೀ ಹೇಳು."

ಸೋಮಲಿಂಗನ ಕಿಸೆಯಲ್ಲಿ ಫೋನು ನಡುಗತೊಡಗಿತು. ಚಂದಪ್ಪನಿಂದ ಸುದ್ದಿ ತಿಳಿದ ಆ ನಲವತ್ತು ಮನೆಗಳಲ್ಲಿ ಯಾವುದೋ ಒಂದು. ಎತ್ತಿ, "ಒಂದ ತಾಸಿಗೆ ನಾನ ಬರ್ತೇನ್ರಿ, ನಿಂತು ಹೇಳ್ತೇನಿ, ಅಲ್ಲೀಮಟಾ ಯಾರೂ ಒಂದ ರೂಪಾಯಿ ಹಾಕಬ್ಯಾಡ್ರಿ," ಎಂದು ಹೇಳಿ ಇಟ್ಟ. ತಂಗಿಯ ಹಿಂದೆ ನಡೆದ.

ಅದೇ ಓಣಿಯಲ್ಲಿ ಎರಡು ಮನೆ ದಾಟಿ ಮೂರನೆಯ ಮನೆಯ ಮುಂದೆ ಯಮನವ್ವ ನಿಂತಳು. ಹೊಸ್ತಿಲ ಮೇಲೆ ಒಬ್ಬ ಮುದುಕಿ ಕೊತ್ತಂಬರಿ ಸೋಸುತ್ತ ಕೂತಿದ್ದಳು. ಯಮನವ್ವನನ್ನು ಕಂಡು ಅಭ್ಯಾಸಬಲದಿಂದ ಮೊರವನ್ನು ಒಂಚೂರು ಆಚೆಗೆ ಸರಿಸಿಕೊಂಡಳು. ಯಮನವ್ವ ಸೂಜಿಯ ತೂತುಗಳು ಕಾಣುವ ಹಾಗೆ ಸೆರಗನ್ನು ತಿರುವಿ ಹಿಡಿದಳು. ಅಣ್ಣನ ಕಡೆ ನೋಡಲಿಲ್ಲ.

"ಹೇಳು," ಎಂದಳು.